ನಿಮಗಿದು ಗೊತ್ತೆ? ಹಿಟ್ಟಿನ ಚೀಲದಲ್ಲಿತ್ತು ಮಗಳ ಫ್ರಾಕು!

ಚೀಲದ ಮೇಲಿನ ಹೂವಿನ ಚಿತ್ತಾರ ನೋಡಿ ಹಿಟ್ಟು ಕೊಳ್ಳುತ್ತಿದ್ದ ಕಾಲವೊಂದಿತ್ತು!

1930ರ ದಶಕದ ಅಮೆರಿಕದಲ್ಲಿ ಹಿಟ್ಟು, ಸಕ್ಕರೆ, ಕೋಳಿ ಆಹಾರ ಹತ್ತಿಬಟ್ಟೆಯ ಚೀಲಗಳಲ್ಲಿ ಬರುತ್ತಿದ್ದವು. ಅದು ಆರ್ಥಿಕ ಮಹಾಕುಸಿತದ ಕಾಲ. ಹೊಸ ಬಟ್ಟೆಗೆ ಕಾಸಿಲ್ಲ. ತಾಯಂದಿರು ಖಾಲಿ ಚೀಲದ ಹೊಲಿಗೆ ಬಿಚ್ಚಿ, ಒಗೆದು, ಮಕ್ಕಳಿಗೆ ಅಂಗಿ, ಫ್ರಾಕು, ಚಡ್ಡಿ ಹೊಲಿಯುತ್ತಿದ್ದರು. ಎಷ್ಟು ಉಜ್ಜಿದರೂ ಹೋಗದ ಗಿರಣಿಯ ಹೆಸರು ಕೆಲವೊಮ್ಮೆ ಮಗುವಿನ ಬೆನ್ನ ಮೇಲೆ ಮೆರೆಯುತ್ತಿತ್ತು.

ಕಂಪನಿಗಳಿಗೆ ಇದರಲ್ಲೂ ವ್ಯಾಪಾರ ಕಂಡಿತು. ಚೀಲಕ್ಕೆ ಹೂವು, ಚುಕ್ಕಿ, ಚೌಕಳಿ ಅಚ್ಚು ಹಾಕಿಸಿದವು. ಹೆಸರು ಮಾತ್ರ ತೊಳೆದರೆ ಹೋಗುವ ಶಾಯಿಯಲ್ಲಿ, ಇಲ್ಲವೇ ಕಿತ್ತು ತೆಗೆಯಬಹುದಾದ ಕಾಗದದ ಚೀಟಿಯಲ್ಲಿ. ಕೆಲವು ಚೀಲಗಳ ಮೇಲಂತೂ ಗೊಂಬೆಯ ಚಿತ್ರವೇ ಇರುತ್ತಿತ್ತು. ಗೆರೆಯಗುಂಟ ಕತ್ತರಿಸಿ, ಹೊಲಿದು, ಒಳಗೆ ಹತ್ತಿಯನ್ನೋ ಚಿಂದಿಯನ್ನೋ ತುಂಬಿದರೆ ಆಟಿಕೆ ಸಿದ್ಧ.

ಸುಮಾರು 45 ಕಿಲೋ ಹಿಡಿಯುವ ಚೀಲ ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಮೀಟರ್ ಬಟ್ಟೆ. ಪುಟ್ಟ ಮಗುವಿಗೆ ಸಾಕು. ಅಮ್ಮನ ಉಡುಪಿಗಾದರೆ ಒಂದೇ ಚಿತ್ತಾರದ ಮೂರು ಚೀಲಗಳಾದರೂ ಬೇಕು. ಅದಕ್ಕೇ ಅಂಗಡಿಗೆ ಹೊರಟ ಗಂಡನ ಕೈಯಲ್ಲಿ ಮಾದರಿಗೊಂದು ಬಟ್ಟೆಯ ಚೂರು! ಹೊಂದುವ ಚೀಲ ರಾಶಿಯ ಅಡಿಯಲ್ಲಿದ್ದರೆ ಅಂಗಡಿಯವನ ಪಾಡು ಕೇಳುವುದೇ ಬೇಡ.