ಗುಟ್ಟನ್ನು ಅರಿಯದ ಕಾವಲುಗಾರ

ಪರರ ಗುಟ್ಟನ್ನು ಕಾಯುವವನು ಆ ಗುಟ್ಟನ್ನು ತಾನೂ ಅರಿಯದಿರುವುದೇ ಲೇಸು. ಸೋಜಿಗವೆನಿಸುವ ಈ ಮಾತು ಗಣಕಯಂತ್ರಗಳ ಲೋಕದಲ್ಲಿ ಮುಖ್ಯವಾದ ನಿಯಮವಾಗಿದೆ.

ಬ್ಯಾಂಕಿನ ವ್ಯವಹಾರವಿರಲಿ, ಪರೀಕ್ಷೆಯ ಅರ್ಜಿಯಿರಲಿ, ಜಾಲತಾಣವನ್ನು ಪ್ರವೇಶಿಸುವವರು ಗುಪ್ತಪದವೊಂದನ್ನು ನೀಡಬೇಕಾಗುತ್ತದೆ. ಜಾಲತಾಣವು ಆ ಪದವನ್ನು ಹೇಗೆ ಕಾಪಾಡಬೇಕು? ಇದ್ದುದನ್ನು ಇದ್ದಂತೆಯೇ ಬರೆದಿಡುವುದು ಸುಲಭ, ಆದರೆ ಅಪಾಯಕರ. 1960ರ ದಶಕದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಹಲವರು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಬಳಸುತ್ತಿದ್ದರು. ಒಮ್ಮೆ ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಬಳಕೆದಾರರ ಮುಂದೆ ಅಚ್ಚಾಯಿತು! 2009ರಲ್ಲಿ ರಾಕ್‌ಯು ಎಂಬ ಸಂಸ್ಥೆಯ ಭಂಡಾರಕ್ಕೆ ಕನ್ನ ಬಿದ್ದಾಗ, ಹಾಗೆಯೇ ಬರೆದಿಟ್ಟಿದ್ದ 3 ಕೋಟಿಗೂ ಮಿಕ್ಕ ಗುಪ್ತಪದಗಳು ಬಯಲಾದವು.

ಇದಕ್ಕೆ ಪರಿಹಾರವೇನು? ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟಿನಿಂದ ಮರಳಿ ಕಾಳನ್ನು ಪಡೆಯಲಾಗದು. ಅಂತೆಯೇ ಗುಪ್ತಪದವನ್ನು ಗಣಿತದ ಬೀಸುಕಲ್ಲಿಗೆ ಹಾಕಿ, ಮೂಲರೂಪಕ್ಕೆ ತಿರುಗಿಸಲಾಗದ ಅಕ್ಷರಮಾಲೆಯನ್ನಾಗಿ ಮಾರ್ಪಡಿಸುತ್ತಾರೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಜಾಲತಾಣವು ಇಟ್ಟುಕೊಳ್ಳುವುದು ಇದನ್ನು ಮಾತ್ರ. ಬಳಕೆದಾರರು ಮತ್ತೆ ಬಂದಾಗ ಅವರು ಕೊಟ್ಟ ಪದವನ್ನು ಪುನಃ ಬೀಸಿ, ಫಲವು ಹಿಂದಿನದಕ್ಕೆ ಸರಿಹೊಂದಿದರೆ ಒಳಗೆ ಬಿಡುತ್ತದೆ.

ಆದರೆ ಕಳ್ಳನೂ ಜಾಣನೇ. ಜನರು ಸಾಮಾನ್ಯವಾಗಿ ಆರಿಸುವ ಪದಗಳನ್ನು ಅವನು ಮೊದಲೇ ಬೀಸಿ ಪಟ್ಟಿಮಾಡಿಟ್ಟುಕೊಂಡು, ಕದ್ದ ಹ್ಯಾಶ್‌ಗಳೊಡನೆ ಹೋಲಿಸುತ್ತಾನೆ. ಇದನ್ನು ತಡೆಯುವ ಬಗೆಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ವಿಜ್ಞಾನಿಗಳು 1979ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಬೀಸುವ ಮುನ್ನ ಒಬ್ಬೊಬ್ಬರ ಪದಕ್ಕೂ ಬೇರೆ ಬೇರೆ ಅಂಕೆಗಳನ್ನು ಮನಬಂದಂತೆ ಆರಿಸಿ ಬೆರೆಸಬೇಕು. ಇದನ್ನು ಸಾಲ್ಟ್, ಎಂದರೆ ಉಪ್ಪು, ಎನ್ನುವರು. ಉಪ್ಪು ಬೇರೆಯಾದರೆ ಒಂದೇ ಪದದ ಹಿಟ್ಟೂ ಬೇರೆಯಾಗುವುದು. ಕಳ್ಳನ ಸಿದ್ಧಪಟ್ಟಿ ನಿಷ್ಪ್ರಯೋಜಕವಾಗುವುದು. ಅವನು ಪ್ರತಿಯೊಬ್ಬರಿಗಾಗಿಯೂ ಹೊಸದಾಗಿ ಬೀಸಬೇಕು. ಆ ಕೆಲಸವನ್ನು ಇನ್ನೂ ದುಸ್ತರಗೊಳಿಸಲೆಂದೇ ಬೇಕೆಂದು ನಿಧಾನವಾಗಿ ತಿರುಗುವ ಬೀಸುಕಲ್ಲುಗಳು ರಚಿತವಾದವು: 1999ರಲ್ಲಿ ಬಿಕ್ರಿಪ್ಟ್ ಬಂದಿತು, 2015ರಲ್ಲಿ ಅಂತಹ ವಿಧಾನಗಳ ಸ್ಪರ್ಧೆಯೊಂದರಲ್ಲಿ ಆರ್ಗಾನ್-2 ಗೆದ್ದಿತು. ಒಮ್ಮೆ ಬೀಸುವ ಪ್ರಾಮಾಣಿಕನಿಗೆ ಈ ವಿಳಂಬವು ಅರಿವಿಗೇ ಬಾರದು. ಕೋಟಿ ಸಲ ಬೀಸಬೇಕಾದ ಕಳ್ಳನಿಗೆ ಅದು ಬೆಟ್ಟವಾಗುವುದು.

ಆದುದರಿಂದ ಗುಪ್ತಪದವನ್ನು ಮರೆತವರಿಗೆ ಒಳ್ಳೆಯ ಜಾಲತಾಣವು ಹಳೆಯದನ್ನು ತಿಳಿಸದೆ, ಹೊಸದನ್ನು ಆರಿಸುವಂತೆ ಹೇಳುತ್ತದೆ. ಹಳೆಯದನ್ನೇ ತಿಳಿಸಬಲ್ಲ ತಾಣವು ಅದನ್ನು ಓದಬಲ್ಲ ರೂಪದಲ್ಲಿ ಇಟ್ಟಿದೆಯೆಂದೇ ಅರ್ಥ. ಹೀಗಿದ್ದರೂ ತನ್ನ ಊರಿನ ಹೆಸರನ್ನೋ ಹುಟ್ಟಿದ ದಿನವನ್ನೋ ಗುಪ್ತಪದವಾಗಿಸಿಕೊಂಡವನನ್ನು ಯಾವ ಉಪ್ಪೂ ಪೂರ್ಣವಾಗಿ ಕಾಯಲಾರದು. ಕಾವಲುಗಾರನ ನಿಷ್ಠೆಯೊಡನೆ ಮನೆಯೊಡೆಯನ ಎಚ್ಚರವೂ ಕೂಡಿದಾಗಲೇ ಗುಟ್ಟು ಗುಟ್ಟಾಗಿ ಉಳಿಯುವುದು.