ಆ್ಯಪಿನೊಳಗೊಂದು ಬ್ರೌಸರು

ವಿಂಡೋಸ್ ಕಂಪ್ಯೂಟರಿನ ವಾಟ್ಸಾಪ್ ಹತ್ತು ವರ್ಷದೊಳಗೆ ಎರಡು ಸಲ ಒಳಮೈ ಬದಲಿಸಿದೆ. 2016ರಲ್ಲಿ ಬಂದಾಗ ಅದು ಎಲೆಕ್ಟ್ರಾನ್ ಎಂಬ ಚೌಕಟ್ಟಿನೊಳಗೆ ಕೂತ ವೆಬ್ ಪುಟ. 2022ರಲ್ಲಿ ವಿಂಡೋಸಿನದೇ ಸಲಕರಣೆಗಳಿಂದ ಕಟ್ಟಿದ ನೇಟಿವ್ ಆ್ಯಪ್ ಬಂತು. 2025ರಲ್ಲಿ ಕಂಪನಿ ಅದನ್ನೂ ಬಿಟ್ಟು ವೆಬ್ ಪುಟಕ್ಕೇ ಮರಳಿತು. ಹೊರಗಿನಿಂದ ನೋಡಿದವರಿಗೆ ಇದು ಹುಚ್ಚಾಟ. ಲೆಕ್ಕಪತ್ರ ನೋಡುವವರಿಗೆ ಹಾಗಲ್ಲ.

ನೇಟಿವ್ ಎಂದರೆ ಗುಂಡಿ, ಪಟ್ಟಿ, ಮೆನುಗಳನ್ನು ಆಯಾ ವ್ಯವಸ್ಥೆ ಕೊಡುವ ಸಲಕರಣೆಗಳಿಂದಲೇ ಜೋಡಿಸುವುದು. ಆ್ಯಪ್ ಹಗುರವಾಗುತ್ತದೆ, ಚುರುಕಾಗಿರುತ್ತದೆ. ಆದರೆ ವಿಂಡೋಸಿಗೊಂದು, ಮ್ಯಾಕಿಗೊಂದು, ಆಂಡ್ರಾಯ್ಡಿಗೊಂದು ಎಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ವೆಬ್ ದಾರಿಯಲ್ಲಿ ಒಮ್ಮೆ ಬರೆದರೆ ಎಲ್ಲೆಡೆ ಓಡುತ್ತದೆ. ಆದರೆ ಎಲೆಕ್ಟ್ರಾನ್ ಆ್ಯಪ್ ಒಂದೊಂದೂ ಕ್ರೋಮಿಯಂ ಬ್ರೌಸರನ್ನು ಇಡಿಯಾಗಿ ಹೊತ್ತೇ ಬರುತ್ತದೆ, ಮದುವೆಗೆ ಬಂದ ಪ್ರತಿ ನೆಂಟನೂ ತನ್ನ ಒಲೆಯನ್ನೇ ತಂದ ಹಾಗೆ. ಬರೀ ‘ನಮಸ್ಕಾರ’ ತೋರಿಸುವ ಆ್ಯಪ್ ಕೂಡ ಡಿಸ್ಕಿನಲ್ಲಿ 100 ಎಂಬಿ ದಾಟುತ್ತದೆ. ಉಳಿತಾಯ ಕಂಪನಿಯದು, ಖರ್ಚಾಗುವ ಮೆಮರಿ ಬಳಕೆದಾರನದು. ಈ ವಿಷಯದ ಜಗಳಗಳು ಬಹುಪಾಲು ಇಲ್ಲಿಂದಲೇ ಹುಟ್ಟುವುದು.

ಫೇಸ್‌ಬುಕ್ ಈ ಪಾಠವನ್ನು ತಿರುಗುಮುರುಗಾಗಿ ಕಲಿತಿತು. ಅದರ ಐಫೋನ್ ಆ್ಯಪ್ ಬಹುಮಟ್ಟಿಗೆ ಎಚ್‌ಟಿಎಂಎಲ್5 ಪುಟಗಳ ಮೇಲೆ ನಿಂತಿತ್ತು, ಬೆರಳಾಡಿಸಿದರೆ ತಡವರಿಸುತ್ತಿತ್ತು. 2012ರ ಆಗಸ್ಟಿನಲ್ಲಿ ಅದನ್ನು ನೇಟಿವ್ ಆಗಿ ಬರೆದು ಬಿಟ್ಟರು. ಮರುತಿಂಗಳು ಮಾರ್ಕ್ ಜುಕರ್‌ಬರ್ಗ್, ಎಚ್‌ಟಿಎಂಎಲ್5 ಅನ್ನು ಅತಿಯಾಗಿ ನೆಚ್ಚಿದ್ದೇ ಕಂಪನಿಯ ದೊಡ್ಡ ತಪ್ಪೆಂದು ವೇದಿಕೆಯ ಮೇಲೆ ಒಪ್ಪಿಕೊಂಡರು. ಅದೇ ಕಂಪನಿ 2015ರಲ್ಲಿ ರಿಯಾಕ್ಟ್ ನೇಟಿವ್ ಹೊರತಂದಿತು: ಬರೆಯುವುದು ಜಾವಾಸ್ಕ್ರಿಪ್ಟಿನಲ್ಲಿ, ಪರದೆಗೆ ಬರುವುದು ಫೋನಿನದೇ ಗುಂಡಿಗಳು.

ವೆಬ್ ಎಂದ ಕೂಡಲೇ ನಿಧಾನ ಎನ್ನುವಂತೆಯೂ ಇಲ್ಲ. ವಿಎಸ್ ಕೋಡ್ ಎಂಬ ಕೋಡ್ ಎಡಿಟರ್ ಎಲೆಕ್ಟ್ರಾನ್ ಮೇಲೆಯೇ ಓಡುತ್ತದೆ, ಪ್ರೋಗ್ರಾಮರುಗಳಿಗೆ ಅಚ್ಚುಮೆಚ್ಚು. ಕಡತದ ಪಠ್ಯವನ್ನು ಹಿಡಿದಿಡುವ ಭಾಗವನ್ನು ಸಿ++ನಲ್ಲಿ ಬರೆದರೆ ವೇಗ ಬಂದೀತೇ ಎಂದು ಆ ತಂಡ ಪ್ರಯತ್ನಿಸಿತ್ತು. ಎರಡು ಭಾಷೆಗಳ ನಡುವೆ ಸಾಲುಗಳನ್ನು ಸಾಗಿಸುವುದರಲ್ಲೇ ಗಳಿಸಿದ ವೇಗ ಸೋರಿಹೋಯಿತು. ಕೊನೆಗೆ ಮೊದಲಿನ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲೇ ಉಳಿದು, 2018ರಲ್ಲಿ ದತ್ತಾಂಶದ ರಚನೆಯನ್ನಷ್ಟೇ ಬದಲಿಸಿದರು. ಕಡತಗಳಲ್ಲಿ ಹುಡುಕಾಡುವ ಕೆಲಸವನ್ನು ಮಾತ್ರ ರಸ್ಟ್‌ನಲ್ಲಿ ಬರೆದ ರಿಪ್‌ಗ್ರೆಪ್‌ಗೆ ವಹಿಸಿದರು. ಇತ್ತ ಎಲೆಕ್ಟ್ರಾನ್ ಹುಟ್ಟಿದ್ದೇ ಗಿಟ್‌ಹಬ್‌ನ ಆಟಂ ಎಡಿಟರಿಗಾಗಿ. ಆಟಂ 2022ರಲ್ಲಿ ಮುಚ್ಚಿತು. ಅದನ್ನು ಕಟ್ಟಿದ ಕೆಲವರೇ ಈಗ ವೆಬ್ಬನ್ನು ಪೂರ್ತಿ ಬಿಟ್ಟು ಜೆಡ್ ಎಂಬ ಎಡಿಟರ್ ಕಟ್ಟಿದ್ದಾರೆ. ಅದರ ಪರದೆಯನ್ನು ನೇರವಾಗಿ ಗ್ರಾಫಿಕ್ಸ್ ಚಿಪ್ಪೇ ಬಿಡಿಸುತ್ತದೆ.

ಕನ್ನಡಕ್ಕೆ ಆ್ಯಪ್ ಕಟ್ಟುವವರು ವೇಗಕ್ಕಿಂತ ಮೊದಲು ನೋಡಬೇಕಾದ್ದು ಬೇರೆಯೇ ಇದೆ. ‘ಸ್ತ್ರೀ’ ಎಂಬ ಒಂದಕ್ಷರ ಯೂನಿಕೋಡಿನಲ್ಲಿ ಆರು ಸಂಕೇತಗಳು. ‘ಕರ್ನಾಟಕ’ದಲ್ಲಿ ‘ನಾ’ಗಿಂತ ಮೊದಲು ದಾಖಲಾಗುವ ರೇಫ ಪರದೆಯಲ್ಲಿ ಅದರ ನಂತರ ಅರ್ಕಾವೊತ್ತಾಗಿ ಮೂಡಬೇಕು. ಈ ಜೋಡಣೆಯನ್ನು ಕ್ರೋಮಿಯಂ, ಫೈರ್‌ಫಾಕ್ಸ್, ಕ್ಯೂಟಿ, ಜಿಟಿಕೆ ಸಲಕರಣೆಗಳಲ್ಲಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ. ಆದರೆ ಗೇಮ್ ತಯಾರಕರು ಇಷ್ಟಪಡುವ ಡಿಯರ್ ಇಮ್‌ಗುಯಿಯಂಥ ಪುಟ್ಟ ಸಲಕರಣೆಯಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಎಷ್ಟೇ ಚುರುಕಾಗಿದ್ದರೂ ಕನ್ನಡ ನಿಘಂಟಿನಂಥ ಆ್ಯಪಿಗೆ ಅದು ಕೆಲಸಕ್ಕೆ ಬಾರದು.

ನೇಟಿವ್ ಮತ್ತು ಎಲೆಕ್ಟ್ರಾನ್ ನಡುವೆ ನಡುದಾರಿಯೂ ಉಂಟು. 2022ರಲ್ಲಿ 1.0 ಆವೃತ್ತಿ ಕಂಡ ಟಾರಿ ಎಂಬ ಚೌಕಟ್ಟು ತನ್ನದೇ ಬ್ರೌಸರು ತರುವುದಿಲ್ಲ. ಕಂಪ್ಯೂಟರಿನಲ್ಲಿ ಇರುವುದನ್ನೇ ಬಳಸುತ್ತದೆ. ಆ್ಯಪ್ ಕೆಲವೇ ಎಂಬಿಗೆ ಇಳಿಯುತ್ತದೆ. ಆದರೆ ವಿಂಡೋಸಿನಲ್ಲಿ ಸಿಗುವುದು ಎಡ್ಜ್‌ನ ಎಂಜಿನ್, ಮ್ಯಾಕಿನಲ್ಲಿ ಸಫಾರಿಯ ವೆಬ್‌ಕಿಟ್, ಲಿನಕ್ಸಿನಲ್ಲಿ ವೆಬ್‌ಕಿಟ್‌ಜಿಟಿಕೆ. ಅದೇ ಪುಟ, ಅದೇ ಒತ್ತಕ್ಷರ. ಪರೀಕ್ಷಿಸಬೇಕಾದದ್ದು ಮಾತ್ರ ಮೂರೂ ಕಡೆ.