ಉತ್ತರೆ, ಹಸ್ತಾ ಮಳೆ ಹೊತ್ತಿನ ಸೀನಿಗೆ ಕಾರಣ ಏನು?

ಗೌರಿ-ಗಣೇಶ ಕಳೆದು ದಸರಾ ಹತ್ತಿರವಾಗುವ ಹೊತ್ತಿಗೆ ನಿಮಗೂ ಬೆಳಗಾದರೆ ಸೀನು ಶುರುವಾಗುತ್ತದೆಯೇ? ಮಂಡ್ಯದ ದುದ್ದದ ಕಡೆ ಇದಕ್ಕೆ ‘ಹವಾ ಬದಲಾಯ್ತು, ಶೀತ ಆಗೈತೆ’ ಅಂದು ಸುಮ್ಮನಾಗುವುದೇ ಹೆಚ್ಚು. ಶೀತವಾದರೆ ವಾರ, ಹತ್ತು ದಿನದಲ್ಲಿ ಹೋಗಬೇಕು. ಮೈಕೈ ನೋವೂ ಇರುತ್ತದೆ. ಜ್ವರವಿಲ್ಲ, ಮೂಗಿನಲ್ಲಿ ಬರೀ ನೀರು, ಕಣ್ಣು ಮತ್ತು ಅಂಗುಳು ತುರಿಸುತ್ತವೆ, ವಾರಗಟ್ಟಲೆ ಬಿಡುತ್ತಿಲ್ಲ ಎಂದರೆ ಅದು ಬಹುತೇಕ ಅಲರ್ಜಿಯ ನೆಗಡಿ. ಇದು ಅಂಟುರೋಗವಲ್ಲ.

ಇದು ಹೇಗಾಗುತ್ತದೆ? ಗಾಳಿಯಲ್ಲಿ ಬಂದ ಪರಾಗವನ್ನು, ಅಂದರೆ ಹೂವಿನ ಸಣ್ಣ ಪುಡಿಯನ್ನು, ಕೆಲವರ ದೇಹ ಶತ್ರು ಎಂದು ತಪ್ಪು ತಿಳಿಯುತ್ತದೆ. ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಮತ್ತೆ ಅದೇ ಪುಡಿ ಮೂಗಿಗೆ ಹೋದಾಗ ಹಿಸ್ಟಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸೀನು, ತುರಿಕೆ, ನೀರು ಎಲ್ಲಾ ಅದರ ಕೆಲಸ. ‘ಹುಟ್ಟಿದಾಗಿನಿಂದ ಇಲ್ಲೇ ಇದ್ದೀನಿ, ಈಗ್ಯಾಕೆ ಬಂತು?’ ಅನ್ನಬಹುದು. ಪ್ರತಿಕಾಯ ಬೆಳೆಯಲು ವರ್ಷಗಳೇ ಹಿಡಿಯುವುದುಂಟು.

ಈ ಕಾಲದಲ್ಲಿ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಮುಂಗಾರಿಗೆ ಮೊಳೆತದ್ದು ಒಂದು ತಿಂಗಳಿಗೇ ಬಿಳಿ ಹೂ ಬಿಡತೊಡಗುತ್ತದೆ, ಆಮೇಲೆ ಬಿಡುತ್ತಲೇ ಇರುತ್ತದೆ. ಉತ್ತರೆ, ಹಸ್ತಾ ಮಳೆಗಳ ನಡುವೆ ಬಿಸಿಲು ಬಿದ್ದಾಗ ಪರಾಗ ಒಣಗಿ ಹಾರುತ್ತದೆ. ರಸ್ತೆ ಬದಿ, ನಾಲೆ ಏರಿ, ಪಾಳು ಸೈಟು ಎಲ್ಲೆಲ್ಲೂ ಅದೇ. ಅಮೆರಿಕ ಖಂಡದ ಈ ಗಿಡ ಪುಣೆಯಲ್ಲಿ 1955ರ ಸುಮಾರಿಗೆ ಕಣ್ಣಿಗೆ ಬಿತ್ತು. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಅಪಾಯಕಾರಿ ಕಳೆ ಎಂದು ಘೋಷಿಸಿತು. 1984ರಲ್ಲಿ ಬೆಂಗಳೂರಿನಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನೂ ಬಿಟ್ಟರು. ದುಂಬಿ ಮಳೆಗಾಲದಲ್ಲಿ ಚೆನ್ನಾಗಿ ಮೇಯುತ್ತದೆ, ನಿಜ. ಆದರೂ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವಾಗ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಗರಿಕೆ, ಹರಳು ಗಿಡದ ಪರಾಗವೂ ಕೆಲವರಿಗೆ ಆಗದು. ನೆನೆದ ಹುಲ್ಲಿನ ಬೂಷ್ಟು, ಹಾಸಿಗೆಯ ಧೂಳಿನ ನುಸಿಯೂ ಕಾರಣವಾಗಬಹುದು. ಹಬ್ಬದ ಚೆಂಡುಹೂವನ್ನು ಸುಮ್ಮನೆ ಬೈಯುತ್ತೇವೆ. ಅದರ ಪರಾಗ ಅಂಟಂಟು, ದೂರ ಹಾರುವಂಥದ್ದಲ್ಲ. ಆದರೆ ಸೇವಂತಿಗೆ, ಚೆಂಡುಹೂ ಎರಡೂ ಪಾರ್ಥೇನಿಯಂ ಸೇರಿದ ಸಸ್ಯ ಕುಟುಂಬದವೇ. ಹಾಗಾಗಿ ಪಾರ್ಥೇನಿಯಂ ಅಲರ್ಜಿ ಇದ್ದವರು ರಾಶಿ ಹೂ ಕಟ್ಟಲು ಕೂತರೆ ಕೈ ತುರಿಸಬಹುದು.

ಪರಿಹಾರ ದುಬಾರಿಯಲ್ಲ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ಮೂಗು ತೊಳೆಯಲು ಖರ್ಚೇ ಇಲ್ಲ. ಹೊಲದಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಸೆಟಿರಿಜಿನ್ ಹಿಸ್ಟಮೈನ್ ತಡೆಯುವ ಮಾತ್ರೆ, ಒಂದಕ್ಕೆ ಕೆಲವೇ ರೂಪಾಯಿ. ಜನೌಷಧಿ ಅಂಗಡಿಯಲ್ಲಿ ಇನ್ನೂ ಅಗ್ಗ. ತೂಕಡಿಕೆ ಬರಬಹುದು, ನುಂಗಿ ಬೈಕು, ಟ್ರ್ಯಾಕ್ಟರ್ ಹತ್ತಬೇಡಿ. ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಅದರ ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನಾ ಬಳಸಬೇಕು, ವೈದ್ಯರನ್ನು ಕೇಳಿ ಶುರುಮಾಡಿ. ಕಟ್ಟಿದ ಮೂಗು ತಟ್ಟನೆ ಬಿಡಿಸುವ ಡ್ರಾಪ್ಸ್ ಮಾತ್ರ ಮೂರು-ನಾಲ್ಕು ದಿನಕ್ಕಿಂತ ಹೆಚ್ಚು ಬೇಡ, ಆಮೇಲೆ ಅದೇ ಮೂಗು ಕಟ್ಟಿಸುತ್ತದೆ. ಬಗ್ಗದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಎದೆ ಬಿಗಿದು ಸುಂಯ್ ಎಂದರೆ, ಉಸಿರು ಕಟ್ಟಿದರೆ ಕಾಯಬೇಡಿ, ಅದು ಉಬ್ಬಸವಿರಬಹುದು.

ಪಾರ್ಥೇನಿಯಂ ಗಿಡ ಕೀಳುವುದಾದರೆ ಹೂ ಬಿಡುವ ಮುಂಚೆ, ಮಳೆ ಬಂದು ಮಣ್ಣು ಹಸಿಯಾದಾಗ ಬೇರು ಸಮೇತ ಕೀಳಿ. ಹೂ ಬಿಟ್ಟ ಮೇಲೆ ಅಲ್ಲಾಡಿಸಿದಷ್ಟೂ ಪರಾಗ ಎದ್ದೇಳುತ್ತದೆ. ಕೈಗೆ ಗವಸು, ಮೂಗಿಗೆ ಬಟ್ಟೆ, ಮೈಗೆ ತುಂಬು ತೋಳಿನ ಅಂಗಿ ಇರಲಿ. ಸೀನು ಬರುವವರು ಈ ಕೆಲಸ ಮನೆಯ ಬೇರೆಯವರಿಗೆ ಬಿಡುವುದು ಲೇಸು.